ಮಾಗಿಯ ಚಳಿಯಲ್ಲಿ ಇಬ್ಬರ ಊಟ

ಚಳಿಗಾಲಕ್ಕೂ ಹಸಿವಿಗೂ ಹಳೆಯ ನಂಟು. ಕಾರ್ತಿಕ ಕಳೆದು ಮಾರ್ಗಶಿರ ಕಾಲಿಟ್ಟಿತೆಂದರೆ ಬೆಂಗಳೂರಿನ ಮನೆಗಳಲ್ಲಿ ಎರಡು ಬದಲಾವಣೆಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ಬೀರುವಿನ ತಳದಲ್ಲಿದ್ದ ಸ್ವೆಟರುಗಳು ಮೇಲಕ್ಕೆ ಬರುತ್ತವೆ, ಅಡಿಗೆಮನೆಯ ಬಾಗಿಲಲ್ಲಿ ನಿಂತು "ಬಿಸಿಯಾಗಿ ಏನಾದರೂ ಇದೆಯೆ?" ಎಂದು ವಿಚಾರಿಸುವವರ ಸಂಖ್ಯೆ ಹೆಚ್ಚುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿರುವ ಈ ಊರಿನ ಚಳಿ ಹಿಮಾಲಯದ ಚಳಿಯೇನೂ ಅಲ್ಲ. 1884ರ ಜನವರಿ 13ರಂದು ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದುದೇ ಇಲ್ಲಿನ ದಾಖಲೆ. ಆದರೂ ಮುಂಜಾನೆಯ ಮಂಜಿನಲ್ಲಿ ಬಾಯಿಂದ ಹೊಗೆ ಹೊರಟಾಗ, ಒಂದು ಲೋಟ ಬಿಸಿ ಕಾಫಿಗೆ ಬರುವ ಬೆಲೆ ಬೇಸಗೆಯಲ್ಲಿ ಎಲ್ಲಿ ಬರಬೇಕು!

ಇಂತಹ ಚಳಿಯಲ್ಲಿ ಉಂಡ ಊಟಗಳು ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತವೆ. ಮದುವೆಯ ಮನೆಯ ಭಾರಿ ಭೋಜನ ಮರೆತುಹೋಗುತ್ತದೆ. ಜನವರಿಯ ಒಂದು ಸಂಜೆ ಬೀದಿಯ ಬದಿಯಲ್ಲಿ ನಿಂತು ತಿಂದ ಒಂದು ದೋಸೆ ಮರೆಯುವುದಿಲ್ಲ. ನನ್ನ ಪತ್ನಿಯೂ ನಾನೂ ಮನೆಯಲ್ಲಿಯೂ ಹೊರಗೂ ಜೊತೆಯಾಗಿ ಉಂಡ ಕೆಲವು ಊಟಗಳ ಸಂಗತಿಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅವುಗಳಲ್ಲಿ ಒಂದು ನನ್ನ ಕಣ್ಣು ತೆರೆಸಿತು. ಅಲ್ಲಿಂದಲೇ ಆರಂಭಿಸುತ್ತೇನೆ.

ಗಾಂಧಿಬಜಾರಿನ ಬೆಳಗು

2018ರ ಡಿಸೆಂಬರ್ ತಿಂಗಳು. ಮಗಳು ಉದ್ಯೋಗದ ನಿಮಿತ್ತ ಪುಣೆಗೆ ಹೋಗಿ ಎರಡು ತಿಂಗಳಾಗಿತ್ತು. ಮಗ ಅದಕ್ಕೂ ಮೊದಲೇ ಊರು ಬಿಟ್ಟಿದ್ದ. ಮನೆಯಲ್ಲಿ ಉಳಿದವರು ನಾವಿಬ್ಬರೇ. ಭಾನುವಾರದ ದೋಸೆಗೆಂದು ಹಿಂದಿನ ಸಂಜೆ ರುಬ್ಬಿಟ್ಟ ಹಿಟ್ಟು ಬೆಳಗಾದರೂ ಉಬ್ಬಿರಲಿಲ್ಲ. ಚಳಿಗಾಲದಲ್ಲಿ ಇದು ಎಲ್ಲ ಮನೆಗಳ ಗೋಳು. ಹಿಟ್ಟನ್ನು ಹುಳಿ ಬರಿಸುವ ಸೂಕ್ಷ್ಮಜೀವಿಗಳು ಬೆಚ್ಚನೆಯ ವಾತಾವರಣದಲ್ಲಿ ಚುರುಕು. ಚಳಿ ಬಂದರೆ ನಮ್ಮಂತೆಯೇ ಅವೂ ಮುಸುಕು ಹಾಕಿ ಮಲಗುತ್ತವೆ. "ಇವತ್ತು ಹೊರಗೇ ತಿಂದು ಬರೋಣ, ನಡಿ" ಎಂದೆ. ಆಕೆ ಶಾಲು ಹೊದ್ದು ಹೊರಟಳು.

ಹೋದದ್ದು ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ. 1943ರಲ್ಲಿ ಆರಂಭವಾದ ಆ ಉಪಾಹಾರ ಮಂದಿರಕ್ಕೆ ನಾನು ಓದುವ ಕಾಲದಿಂದಲೂ ಹೋಗುತ್ತಿದ್ದವನೇ. ಬಾಗಿಲ ಹೊರಗೆ ಸಾಲಿನಲ್ಲಿ ಅರ್ಧ ಗಂಟೆ ನಿಂತು ಒಳಗೆ ಹೋದೆವು. ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ಚಿತ್ರಗಳು; ಕೆಳಗೆ ಒತ್ತೊತ್ತಾಗಿ ಕುಳಿತ ಜನ. ಪಂಚೆಯುಟ್ಟ ಮಾಣಿ ಒಂದೇ ಕೈಯ ಮೇಲೆ ತಟ್ಟೆಗಳನ್ನು ಹೆಗಲವರೆಗೆ ಅಡುಕಿಕೊಂಡು ಬಂದು, ಇಸ್ಪೀಟಿನ ಎಲೆ ಹಂಚುವವನಂತೆ ಮಸಾಲೆ ದೋಸೆಗಳನ್ನು ಮುಂದಿರಿಸಿ ಹೋದ. ಹಿಂದೆಯೇ ಮತ್ತೊಬ್ಬ ಬಂದು ಚಟ್ನಿ ಸುರಿದ. ನನ್ನ ತಟ್ಟೆ, ಆಕೆಯ ತಟ್ಟೆ ಎರಡೂ ಒಂದೇ ಕ್ಷಣದಲ್ಲಿ ಮೇಜಿನ ಮೇಲಿದ್ದವು. ಎರಡರಿಂದಲೂ ಒಂದೇ ಸಮನೆ ಹಬೆಯೇಳುತ್ತಿತ್ತು.

ಆಕೆ ಒಂದು ಚೂರು ಮುರಿದಳು. ಕರಕರ ಸದ್ದಾಯಿತು. ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ವಿಜಯಪುರದ ತನ್ನ ತವರುಮಾತಿನಲ್ಲಿ ಹೇಳಿದಳು:

"ಬಿಸಿ ದ್ವಾಸಿ ರುಚಿ ಹಿಂಗ ಇರತದ ಅನ್ನೋದ ಮರತ ಬಿಟ್ಟಿದ್ದೆ ನೋಡ್ರಿ."

ಆ ಮಾತಿನಲ್ಲಿ ದೂರಿರಲಿಲ್ಲ, ಸಂತೋಷವೇ ಇತ್ತು. ಹಾಗೆ ಹೇಳಿ ಮತ್ತೊಂದು ಚೂರು ಮುರಿದಳು. ನನಗೆ ಮಾತ್ರ ಗಂಟಲಿನಲ್ಲಿದ್ದುದು ಕೆಳಗಿಳಿಯಲಿಲ್ಲ.

ತೂತು ಎಲ್ಲಿತ್ತು?

ನಮ್ಮ ಮದುವೆಯಾದದ್ದು 1989ರಲ್ಲಿ. ಅಂದರೆ ಅಂದಿಗೆ 29 ವರ್ಷ. ಅಷ್ಟು ವರ್ಷಗಳ ಚಳಿಗಾಲದ ಬೆಳಗುಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಮಕ್ಕಳೂ ನಾನೂ ಸಾಲಾಗಿ ಕುಳಿತಿರುತ್ತಿದ್ದೆವು. ಒಳಗೆ ಕಾವಲಿಯ ಚುರುಕ್ಕೆಂಬ ಸದ್ದು. ದೋಸೆ ಬಂದು ತಟ್ಟೆಗೆ ಬೀಳುವುದು, ಮಾಯವಾಗುವುದು. "ಇನ್ನೊಂದು ಹಾಕು" ಎನ್ನುವುದೊಂದೇ ನಾವು ಆಡುತ್ತಿದ್ದ ಮಾತು. ನಾವೆಲ್ಲ ಕೈತೊಳೆದು ಎದ್ದ ಮೇಲೆ ಆಕೆ ಕೊನೆಯ ಎರಡು ದೋಸೆಗಳನ್ನು ಒಟ್ಟಿಗೆ ಹುಯ್ದುಕೊಂಡು, ಒಲೆ ಆರಿಸಿ, ಮಕ್ಕಳ ಊಟದ ಡಬ್ಬಿ ಮುಚ್ಚಿ, ಜಡೆ ಹೆಣೆದು, ಬಸ್ಸು ಹತ್ತಿಸಿ ಬಂದು ತಿನ್ನಲು ಕೂರುವಳು. ಹೋಟೆಲಿಗೆ ಹೋಗಿರಲಿಲ್ಲವೆಂದಲ್ಲ, ಹೋಗಿದ್ದೆವು. ಅಲ್ಲಿಯೂ ಒಂದು ಮಗುವಿಗೆ ತುತ್ತು ಮಾಡಿ ಹಾಕಿ, ಇನ್ನೊಂದರ ಬಾಯಿ ಒರೆಸಿ, ತನ್ನ ತಟ್ಟೆಗೆ ಕೈಯಿಡುವ ವೇಳೆಗೆ ಎಲ್ಲವೂ ತಣ್ಣಗೆ.

ನಮ್ಮ ತಾಯಿಯೂ ಹೀಗೆಯೇ ಉಂಡವರು. ಅವರು ಬಿಸಿಯಾಗಿ ಏನನ್ನಾದರೂ ತಿಂದುದನ್ನು ನಾನು ಕಂಡಿದ್ದೇನೆಯೆ ಎಂದು ಎಷ್ಟು ಯೋಚಿಸಿದರೂ ಒಂದು ಚಿತ್ರವೂ ಕಣ್ಣಮುಂದೆ ಬರಲಿಲ್ಲ. ಆಗ ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ತಾಯಿಗೆ ಬಿಸಿ ದೋಸೆ ಬಡಿಸುವ ಅವಕಾಶ ಕಳೆದುಹೋಗಿತ್ತು. ಪತ್ನಿಗೆ ಬಡಿಸುವ ಅವಕಾಶ ಉಳಿದಿತ್ತು.

ಎಲ್ಲರ ಮನೆ ದೋಸೆಯೂ ತೂತೇ ಎನ್ನುತ್ತಾರೆ. ನಮ್ಮ ಮನೆಯ ದೋಸೆಗೆ ತೂತು ಎಲ್ಲಿತ್ತೆಂದು ತಿಳಿಯಲು ನನಗೆ 29 ವರ್ಷ ಬೇಕಾಯಿತು.

ತಣ್ಣಗಾದರೇನು ನಷ್ಟ ಎಂದು ಕೇಳಬಹುದು. ನಷ್ಟ ಸಣ್ಣದಲ್ಲ. ಆಹಾರ ಬಿಸಿಯಾಗಿರುವಾಗ ಅದರ ಪರಿಮಳದ ಅಂಶಗಳು ಹೆಚ್ಚಾಗಿ ಆವಿಯಾಗಿ ಮೂಗನ್ನು ತಲುಪುತ್ತವೆ. ನಾವು ರುಚಿಯೆಂದು ಕರೆಯುವುದರಲ್ಲಿ ದೊಡ್ಡ ಪಾಲು ಮೂಗಿನದು. ದೋಸೆ ಆರಿದಂತೆ ಒಳಗಿನ ತೇವ ಗರಿಯಾದ ಹೊರಪದರಕ್ಕೆ ಹರಡಿ ಅದನ್ನು ಮೆತ್ತಗೆ ಮಾಡುತ್ತದೆ. ಅಕ್ಕಿಯಲ್ಲಿರುವ ಪಿಷ್ಟ ಬಿಗಿದುಕೊಂಡು ದೋಸೆ ಚರ್ಮದಂತೆ ಜಿಗುಟಾಗುತ್ತದೆ. ಮೇಲೆ ಹಾಕಿದ ತುಪ್ಪ ಹೆಪ್ಪುಗಟ್ಟಿ ಅಂಗುಳಿಗೆ ಅಂಟುತ್ತದೆ. ತೆಳುವಾಗಿ ಅಗಲವಾಗಿರುವ ಪದಾರ್ಥ ಬೇಗ ಆರುವುದರಿಂದ, ಚಳಿಗಾಲದ ದೋಸೆಯ ಆಯುಸ್ಸು ನಾಲ್ಕೈದು ನಿಮಿಷ ಮಾತ್ರ. ಒಂದೇ ಹಿಟ್ಟು, ಒಂದೇ ಕಾವಲಿ, ಒಂದೇ ಕೈ. ಆದರೂ ನಾನು ತಿನ್ನುತ್ತಿದ್ದುದು ಒಂದು ತಿಂಡಿ, ಆಕೆ ತಿನ್ನುತ್ತಿದ್ದುದು ಬೇರೊಂದು.

ಹೋಟೆಲು ಮಾಡಿದ ಉಪಕಾರ

ಹೋಟೆಲಿನ ಊಟವನ್ನು ಹಳಿಯುವುದು ನಮ್ಮಲ್ಲಿ ಹಿರಿಯರ ಲಕ್ಷಣವೆಂದು ಭಾವಿಸಲಾಗಿದೆ. ಆದರೆ ಹೋಟೆಲುಗಳು ನಮ್ಮ ಗೃಹಿಣಿಯರಿಗೆ ಮಾಡಿದ ಉಪಕಾರವೊಂದಿದೆ. ಮೊದಮೊದಲು ಅಲ್ಲಿಯೂ ಹೆಂಗಸರು ಎಲ್ಲರ ನಡುವೆ ಕುಳಿತು ತಿನ್ನುವಂತಿರಲಿಲ್ಲ. 'ಫ್ಯಾಮಿಲಿ ರೂಂ' ಎಂಬ ಫಲಕ ಹೊತ್ತ ಪ್ರತ್ಯೇಕ ಕೋಣೆ, ಬಾಗಿಲಿಗೊಂದು ಪರದೆ. ಇಂದು ಆ ಪರದೆ ನಮಗೆ ನಗು ತರಿಸಬಹುದು. ಆದರೆ ಆ ಪರದೆಯ ಹಿಂದೆ ಗಂಡನೂ ಹೆಂಡತಿಯೂ ಎದುರುಬದುರು ಕುಳಿತು, ಇನ್ನೊಬ್ಬರು ಬಡಿಸಿದ್ದನ್ನು ಒಂದೇ ಕಾಲಕ್ಕೆ ತಿಂದರು. ಎಷ್ಟೋ ಮನೆಗಳಲ್ಲಿ ಅದು ಸಾಧ್ಯವಾಗುತ್ತಿರಲಿಲ್ಲ.

ಆ ಡಿಸೆಂಬರಿನ ನಂತರ ನಾವು ತಿಂಗಳಿಗೆ ಎರಡು ಬಾರಿಯಾದರೂ ಹೊರಗೆ ತಿನ್ನುವ ಪದ್ಧತಿ ಇಟ್ಟುಕೊಂಡೆವು. ಒಮ್ಮೆ ಲಾಲ್‌ಬಾಗಿನಲ್ಲಿ ಮಂಜು ಕರಗುವವರೆಗೆ ತಿರುಗಾಡಿ, ಪಕ್ಕದ ಮಾವಳ್ಳಿ ಟಿಫಿನ್ ರೂಂಸಿಗೆ ಹೋದೆವು. ಎಂ.ಟಿ.ಆರ್. ಎಂದು ಎಲ್ಲರೂ ಕರೆಯುವ ಆ ಸಂಸ್ಥೆ ಆರಂಭವಾದುದು 1924ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಅಲ್ಲಿ ರವೆ ಇಡ್ಲಿಯ ಪ್ರಯೋಗ ನಡೆಯಿತೆಂಬುದು ಪ್ರಸಿದ್ಧ. ಹಬೆಯಾಡುವ ರವೆ ಇಡ್ಲಿಯ ಮೇಲೆ ತುಪ್ಪ ಸುರಿದುಕೊಂಡು, ಆಲೂಗೆಡ್ಡೆ ಸಾಗುವಿನೊಡನೆ ತಿಂದು, ಕಾಫಿ ಕುಡಿದು ಬಂದೆವು. ದಾರಿಯಲ್ಲಿ ಆಕೆ "ನಾನೂ ಮಾಡತೇನಿ, ಆದ್ರ ಹಿಂಗ ಕುಂತ ತಿನ್ನೋ ರುಚಿನ ಬ್ಯಾರೆ" ಎಂದಳು. 'ಕುಂತು ತಿನ್ನುವ' ಎಂಬ ಮಾತನ್ನು ನಾನು ಗಂಟುಹಾಕಿಕೊಂಡೆ.

ಎಳ್ಳಮಾವಾಸ್ಯೆಯ ಬುತ್ತಿ

ಅದೇ ಚಳಿಗಾಲ, 2019ರ ಜನವರಿಯ ಮೊದಲ ವಾರದಲ್ಲಿ, ಎಳ್ಳಮಾವಾಸ್ಯೆಗೆಂದು ಆಕೆಯ ತವರಿಗೆ ಹೋದೆವು. ಬೆಂಗಳೂರಿನ ಓದುಗರಲ್ಲಿ ಅನೇಕರಿಗೆ ಈ ಹಬ್ಬ ಅಪರಿಚಿತವಿರಬಹುದು. ಮಾರ್ಗಶಿರದ ಅಮಾವಾಸ್ಯೆಯಂದು ಉತ್ತರ ಕರ್ನಾಟಕದ ರೈತಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ಎದೆಯೆತ್ತರ ನಿಂತ ಜೋಳದ ನಡುವೆ ಭೂತಾಯಿಗೆ ಪೂಜೆ ಸಲ್ಲಿಸಿ, ಅಡಿಗೆಯ ಒಂದಂಶವನ್ನು ಹೊಲದ ಸುತ್ತ ಚೆಲ್ಲುತ್ತಾರೆ. ಇದಕ್ಕೆ ಚರಗ ಚೆಲ್ಲುವುದೆಂದು ಹೆಸರು. ಆಮೇಲೆ ಮರದ ನೆರಳಿನಲ್ಲಿ ಊಟ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಗಟ್ಟಿ ಮೊಸರು. ಚಳಿಯ ದಿನಗಳಲ್ಲಿ ಎಳ್ಳು, ಶೇಂಗಾ, ಸಜ್ಜೆಗಳನ್ನು ತಿನ್ನಬೇಕೆಂಬುದು ಅಲ್ಲಿನವರ ಅನುಭವದ ಮಾತು. ಎಳ್ಳು, ಶೇಂಗಾಗಳಂತೂ ಎಣ್ಣೆಯಂಶ ತುಂಬಿದ ಕಾಳುಗಳು.

ಅಲ್ಲಿ ನಾನು ಗಮನಿಸಿದ್ದು ಬೇರೊಂದನ್ನು. ಕಟಕ ರೊಟ್ಟಿಯನ್ನು ದಿನಗಳ ಮೊದಲೇ ಬೇಯಿಸಿಡುತ್ತಾರೆ. ಹೋಳಿಗೆ ಹಿಂದಿನ ರಾತ್ರಿಯದು. ಹೊಲದಲ್ಲಿ ಒಲೆಯಿಲ್ಲ. ಒಲೆಯ ಮುಂದೆ ನಿಲ್ಲಬೇಕಾದವರೂ ಇಲ್ಲ. ನಮ್ಮ ಅತ್ತೆ, ನಾದಿನಿ, ಮಕ್ಕಳು, ಮಾವ, ಆಳುಮಕ್ಕಳು ಎಲ್ಲರೂ ಒಂದೇ ಸುತ್ತಿನಲ್ಲಿ ಕುಳಿತು ಉಂಡರು. ನನ್ನ ಪತ್ನಿ ನನ್ನ ಪಕ್ಕದಲ್ಲಿ ಕುಳಿತು, ರೊಟ್ಟಿಯನ್ನು ಲಟಕ್ಕೆಂದು ಮುರಿದು ಅರ್ಧ ನನಗೆ ಕೊಟ್ಟು ಅರ್ಧ ತಾನು ತಿಂದಳು. ಒಂದು ಪದಾರ್ಥವೂ ಬಿಸಿಯಾಗಿರಲಿಲ್ಲ. ಆದರೂ ಅದಕ್ಕಿಂತ ತೃಪ್ತಿಯಾದ ಊಟವನ್ನು ನಾನು ಹೆಚ್ಚು ಕಂಡಿಲ್ಲ.

ರೈಲಿನಲ್ಲಿ ಹಿಂದಿರುಗುವಾಗ ವಿಷಯ ಸ್ಪಷ್ಟವಾಯಿತು. ಹೊಲದಲ್ಲಿ ಜೊತೆಯಿತ್ತು, ಬಿಸಿಯಿರಲಿಲ್ಲ. ನಮ್ಮ ಮನೆಯಲ್ಲಿ ಬಿಸಿಯಿತ್ತು, ಜೊತೆಯಿರಲಿಲ್ಲ. ಹೋಟೆಲಿನಲ್ಲಿ ಎರಡೂ ಇದ್ದವು. ಆದರೆ ದಿನವೂ ಹೋಟೆಲಿಗೆ ಹೋಗುವ ಶಕ್ತಿ ಜೇಬಿಗೂ ಇಲ್ಲ, ಹೊಟ್ಟೆಗೂ ಇಲ್ಲ. ಹಾಗಾದರೆ ಮನೆಯಲ್ಲಿಯೇ ಎರಡನ್ನೂ ಕೂಡಿಸುವ ಬಗೆ ಹೇಗೆ?

ಪಾತ್ರೆಯ ಊಟ, ಕಾವಲಿಯ ಊಟ

ಚಳಿಗಾಲದ ಅಡಿಗೆಗಳನ್ನು ನಾವು ಎರಡು ಪಂಗಡ ಮಾಡಿಕೊಂಡೆವು: ಪಾತ್ರೆಯಲ್ಲಿ ಬೇಯುವುವು, ಕಾವಲಿಯ ಮೇಲೆ ಬೇಯುವುವು. ಮೊದಲನೆಯ ಪಂಗಡದಲ್ಲಿ ತೊಂದರೆಯಿಲ್ಲ. ನೀರಿನಂಶ ತುಂಬಿದ ಗಟ್ಟಿ ಪದಾರ್ಥ ಮುಚ್ಚಿದ ಪಾತ್ರೆಯಲ್ಲಿ ಬಹಳ ಹೊತ್ತು ಕಾವು ಹಿಡಿದಿಟ್ಟುಕೊಳ್ಳುತ್ತದೆ. ಪಾತ್ರೆಯನ್ನು ಮೇಜಿನ ಮೇಲಿಟ್ಟು ಇಬ್ಬರೂ ಕುಳಿತುಬಿಡಬಹುದು.

ಈ ಪಂಗಡಕ್ಕೆ ರಾಜ ಧನುರ್ಮಾಸದ ಹುಗ್ಗಿ. ಸೂರ್ಯನು ಧನುರಾಶಿಯಲ್ಲಿರುವ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಈ ತಿಂಗಳಿನಲ್ಲಿ, ಸೂರ್ಯೋದಯಕ್ಕೆ ಮುನ್ನವೇ ದೇವರಿಗೆ ಹುಗ್ಗಿಯ ನೈವೇದ್ಯವಾಗಬೇಕೆಂಬುದು ಸಂಪ್ರದಾಯ. ಇಬ್ಬರಿಗೆ ಅರ್ಧ ಲೋಟ ಅಕ್ಕಿ, ಅರ್ಧ ಲೋಟ ಹೆಸರುಬೇಳೆ ಸಾಕು, ಎರಡೂ ಸಮಪಾಲಿರಬೇಕು. ಬೇಳೆಯನ್ನು ಘಮ್ಮೆನ್ನುವವರೆಗೆ ಹುರಿದು, ಅಕ್ಕಿಯೊಡನೆ ತೊಳೆದು, 5 ಲೋಟ ನೀರಿನಲ್ಲಿ ಚಿಟಿಕೆ ಅರಿಶಿನ ಹಾಕಿ ಮೆತ್ತಗೆ ಬೇಯಿಸಿ. ಒಂದೊಂದು ಚಮಚ ಮೆಣಸು ಜೀರಿಗೆಗಳನ್ನು ತರಿಯಾಗಿ ಕುಟ್ಟಿ, ತುಪ್ಪದಲ್ಲಿ ಹುರಿದು, ಹೆಚ್ಚಿದ ಶುಂಠಿ, ಗೋಡಂಬಿ, ಒಂದು ಹಿಡಿ ಕಾಯಿತುರಿ, ಉಪ್ಪು ಸೇರಿಸಿ. ಪಕ್ಕದಲ್ಲಿ ಹುಣಿಸೆಹಣ್ಣಿನ ಗೊಜ್ಜಿರಲಿ. ನಕ್ಷತ್ರಗಳು ಇನ್ನೂ ಮಾಸದಿರುವ ಹೊತ್ತಿನಲ್ಲಿ, ಮೆಣಸಿನ ಖಾರ ಕಿವಿಯವರೆಗೆ ಏರುವಂತೆ ಇದನ್ನು ಉಂಡು ನೋಡಿದವರಿಗೆ ನಮ್ಮ ಹಿರಿಯರ ಮೇಲೆ ಗೌರವ ಹೆಚ್ಚುತ್ತದೆ.

ಎರಡನೆಯದು ಹಿದುಕಿದ ಅವರೆಬೇಳೆಯ ಸಾರು. ಹಗಲು ಕುಗ್ಗಿ ರಾತ್ರಿ ಹಿಗ್ಗುವ ಕಾಲ ಬಂದಾಗಲೇ ನಮ್ಮ ನಾಟಿ ಅವರೆ ಹೂವು ಬಿಡುತ್ತದೆ. ಆದ್ದರಿಂದಲೇ ಅದು ಮಾಗಿಯ ಫಸಲು. ಹಗಲಿನ ಉದ್ದವನ್ನು ಲೆಕ್ಕಿಸದೆ ವರ್ಷವಿಡೀ ಕಾಯಿ ಬಿಡುವ 'ಹೆಬ್ಬಾಳ ಅವರೆ'ಯ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ರೂಪಿಸಿದೆ. ಆದರೂ ಚಳಿಗಾಲದ ಅವರೆಯ ಸೊಗಡಿಗಾಗಿ ಕಾಯುವ ಜನ ಕಡಮೆಯಾಗಿಲ್ಲ. ವಿಶ್ವೇಶ್ವರಪುರದ ತಿಂಡಿಬೀದಿಯಲ್ಲಿ ಆರಂಭವಾಗಿ ಹೆಸರಾದ ಅವರೆಬೇಳೆ ಮೇಳಕ್ಕೆ ಸೇರುವ ಜನಸಂದಣಿಯೇ ಇದಕ್ಕೆ ಸಾಕ್ಷಿ. ಅಲ್ಲಿ ಅವರೆಯ ದೋಸೆ, ಉಪ್ಪಿಟ್ಟು ಮಾತ್ರವಲ್ಲ, ಜಿಲೇಬಿಯನ್ನೂ ನಾವಿಬ್ಬರೂ ನಿಂತುಕೊಂಡೇ ತಿಂದಿದ್ದೇವೆ.

ಅವರೆಯ ಅಡಿಗೆಗೆ ಒಂದು ವಿಶೇಷವಿದೆ. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಸಿಪ್ಪೆಯಿಂದ ಬೇಳೆಯನ್ನು ಚಿಮ್ಮಿಸುವ ಕೆಲಸ ಒಬ್ಬರಿಂದ ಮುಗಿಯುವಂಥದಲ್ಲ. ಆದ್ದರಿಂದ ಅಡಿಗೆಮನೆಯ ಕಡೆ ತಲೆ ಹಾಕದ ಗಂಡಸರನ್ನೂ ಈ ಕೆಲಸಕ್ಕೆ ಕೂರಿಸುವುದು ಹಳೆಯ ಮೈಸೂರಿನ ಮನೆಗಳಲ್ಲಿ ವಾಡಿಕೆ. ಸಂಜೆ ಇಬ್ಬರೂ ಒಂದು ಬೋಗುಣಿಯ ಸುತ್ತ ಕುಳಿತು ಹಿದುಕುತ್ತ ಆಡುವ ಮಾತಿಗೆ ಬೇರೆ ಸಮಯದಲ್ಲಿ ಪುರಸೊತ್ತು ಸಿಕ್ಕುವುದಿಲ್ಲ. ಈರುಳ್ಳಿ, ಕಾಯಿತುರಿ, ಕೊತ್ತಂಬರಿ, ಗಸಗಸೆ, ಚಕ್ಕೆ, ಲವಂಗಗಳನ್ನು ಅರೆದು ಹಾಕಿ ಕುದಿಸಿದ ಆ ಸಾರಿಗೆ ಬಿಸಿ ಮುದ್ದೆಯಾಗಲಿ ಅನ್ನವಾಗಲಿ ಇದ್ದರೆ ಸಾಕು. ಬೆರಳಿಗೆ ಅಂಟಿದ ಸೊಗಡು ಮರುದಿನದವರೆಗೂ ಊಟವನ್ನು ನೆನಪಿಸುತ್ತಿರುತ್ತದೆ.

ನಾನು ಹುಯ್ದ ದೋಸೆ

ಉಳಿದದ್ದು ಕಾವಲಿಯ ಪಂಗಡ. ದೋಸೆ, ಅಕ್ಕಿರೊಟ್ಟಿಗಳನ್ನು ಒಬ್ಬರು ಒಲೆಯ ಮುಂದೆ ನಿಂತು ಮಾಡಲೇಬೇಕು. ಆ ಒಬ್ಬರು ಯಾವಾಗಲೂ ಒಬ್ಬರೇ ಆಗಿರಬೇಕೆಂದು ಯಾವ ಶಾಸ್ತ್ರದಲ್ಲಿಯೂ ಹೇಳಿಲ್ಲವಷ್ಟೆ! ದೋಸೆ ಹುಯ್ಯಲು ಕಲಿಯುತ್ತೇನೆಂದು ನಾನು ಹೇಳಿದಾಗ ಆಕೆ ನಕ್ಕಳು. ಮೊದಲನೆಯ ದೋಸೆ ಕಾವಲಿಯನ್ನು ಬಿಟ್ಟು ಬರಲೊಲ್ಲದು. ಎರಡನೆಯದು ಭೂಪಟದಲ್ಲಿರುವ ಯಾವುದೋ ದ್ವೀಪದ ಆಕಾರ. ಕಾವಲಿ ಅತಿಯಾಗಿ ಕಾದರೆ ಹಿಟ್ಟು ಹರಡದೆ ಮುದ್ದೆಯಾಗುತ್ತದೆ, ನೀರು ಚಿಮುಕಿಸಿ ಒರೆಸಿ ಕಾವು ಇಳಿಸಬೇಕು ಎಂಬ ಸಾಮಾನ್ಯ ಸಂಗತಿಯೂ ನನಗೆ ಗೊತ್ತಿರಲಿಲ್ಲ. ಆರು ಭಾನುವಾರಗಳು ಕಳೆದ ಮೇಲೆ ನನ್ನ ದೋಸೆ ಒಂದು ಹದಕ್ಕೆ ಬಂದಿತು.

ಆಗ ನಮ್ಮಲ್ಲಿ ಒಂದು ಒಪ್ಪಂದವಾಯಿತು. ಒಲೆಯ ಪಕ್ಕದಲ್ಲಿಯೇ ಒಂದು ಎತ್ತರದ ಸ್ಟೂಲು. ಆಕೆ ಎರಡು ದೋಸೆ ಹುಯ್ಯುವವರೆಗೆ ನಾನು ಅಲ್ಲಿ ಕುಳಿತು ತಿನ್ನುವುದು. ನಾನು ಎರಡು ಹುಯ್ಯುವವರೆಗೆ ಆಕೆ ಕೂರುವುದು. ಊಟದ ಕೋಣೆಯ ಮೇಜು ಅಂದಿನಿಂದ ಬೆಳಗಿನ ಹೊತ್ತು ಖಾಲಿ. ಚಳಿಗಾಲದಲ್ಲಿ ಒಲೆಯ ಪಕ್ಕಕ್ಕಿಂತ ಬೆಚ್ಚನೆಯ ಜಾಗ ಮನೆಯಲ್ಲಿ ಇನ್ನೊಂದಿಲ್ಲ ಎಂಬುದೂ ತಿಳಿದುಬಂದಿತು. ಆ ಸುಖ ಇಷ್ಟು ವರ್ಷವೂ ಆಕೆಗೇ ಮೀಸಲಾಗಿತ್ತೆಂದು ಹಾಸ್ಯ ಮಾಡಹೋಗಿ, ಬೇಸಗೆಯ ನೆನಪಾಗಿ ಸುಮ್ಮನಾದೆ.

ಸಂಕ್ರಾಂತಿಯಂದು ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಬೆರೆಸಿ ಹಂಚುತ್ತ, ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತನಾಡಿರೆಂದು ಊರಿಗೆಲ್ಲ ಹೇಳುತ್ತೇವೆ. ಒಳ್ಳೆಯ ಮಾತು ಮನೆಯೊಳಗಿನವರಿಗೂ ಬೇಕು. ಕೆಲವೊಮ್ಮೆ ಅದು ಮಾತೇ ಆಗಬೇಕಾಗಿಲ್ಲ. ಆರುವ ಮುನ್ನ ತಟ್ಟೆಗೆ ಬಿದ್ದ ಒಂದು ದೋಸೆಯಾದರೂ ಸಾಕು.

ಕಳೆದ ಧನುರ್ಮಾಸದ ಒಂದು ಬೆಳಗು. ಕಿಟಕಿಯ ಹೊರಗೆ ಬಿಳಿಯ ಮಂಜು. ನಾನು ಮೊದಲೇ ಎದ್ದು, ಅವರೆಕಾಳು ಸೇರಿಸಿ ಅಕ್ಕಿರೊಟ್ಟಿ ತಟ್ಟಿ ಕಾವಲಿಗೆ ಹಾಕಿದ್ದೆ. ಆಕೆ ಶಾಲು ಹೊದ್ದು ಸ್ಟೂಲಿನ ಮೇಲೆ ಕುಳಿತಳು. ರೊಟ್ಟಿ ತಟ್ಟೆಗೆ ಬಿತ್ತು; ತುಪ್ಪ ಹಾಕಿದೆ, ಕರಗಿ ಹರಿಯಿತು. ಆಕೆ ಒಂದು ತುಂಡು ಮುರಿದು, ಊದಿ, ಬಾಯಿಗಿಟ್ಟುಕೊಂಡಳು. ನಾನು ತೀರ್ಪಿಗಾಗಿ ಕಾದು ನಿಂತೆ.

"ಉಪ್ಪ ಒಂಚೂರ ಕಡಿಮಿ ಆಗೇದ್ರಿ" ಎಂದಳು. ಸ್ವಲ್ಪ ತಡೆದು, "ಆದ್ರ ಬಿಸಿ ಅದ" ಎಂದಳು.

"ಇನ್ನೊಂದು ಹಾಕಲೇ?" ಎಂದೆ.

"ಹಾಕ್ರಿ" ಎಂದಳು.